ಜಠರದ ಕ್ಯಾನ್ಸರ್: ಆಪರೇಷನ್‌ಗೆ ಮುಂಚಿನ ರಕ್ತ ವರದಿಯನ್ನು ಮನೆಯವರು ಓದುವ ಬಗೆ

ರಾತ್ರಿ ಹನ್ನೊಂದಕ್ಕೆ ಅಕ್ಕನ ಫೋನ್ ಬಂತು. ಭಾವನವರಿಗೆ ಜಠರದ ಕ್ಯಾನ್ಸರ್ ಎಂದು ಗೊತ್ತಾಗಿ ಆಗಿನ್ನೂ ಹದಿನೈದು ದಿನ. ಆಪರೇಷನ್‌ಗೆ ದಿನ ಗೊತ್ತುಮಾಡುವ ಮಾತು ನಡೆದಿತ್ತು. "ಮಗ ವರದಿಯಲ್ಲಿದ್ದ ಎರಡು ಸಂಖ್ಯೆಗಳನ್ನು ಭಾಗಿಸಿ ನೋಡಿದನಂತೆ. 4.6 ಬಂತಂತೆ. ಮೂರಕ್ಕಿಂತ ಜಾಸ್ತಿ ಇದ್ದವರು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಎಲ್ಲೋ ಓದಿದ್ದಾನೆ. ನಿಜವೇನೇ?" ಎಂದಳು. ಪಕ್ಕದ ಕೋಣೆಯಲ್ಲಿ ಭಾವ ಮಲಗಿದ್ದರೆಂದು ಅವಳ ದನಿ ಪಿಸುಮಾತಿಗೆ ಇಳಿದಿತ್ತು.

ನಾನು ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಇಪ್ಪತ್ತೆರಡು ವರ್ಷ ರಕ್ತ ಪರೀಕ್ಷೆ ಮಾಡಿದವಳು, ವೈದ್ಯೆಯಲ್ಲ. ಆದರೆ ಆ ಸಂಖ್ಯೆಗಳು ಹೇಗೆ ಹುಟ್ಟುತ್ತವೆ, ಯಾವುದರಿಂದ ಏರುತ್ತವೆ, ಯಾವುದರಿಂದ ಇಳಿಯುತ್ತವೆ ಎಂಬುದು ಚೆನ್ನಾಗಿ ಗೊತ್ತು. ಮರುದಿನ ಬೆಳಿಗ್ಗೆ ಹನುಮಂತನಗರದ ಅವರ ಮನೆಗೆ ಹೋಗಿ, ಊಟದ ಮೇಜಿನ ಮೇಲೆ ವರದಿ ಹರಡಿಕೊಂಡು, ಕಾಗದ ಪೆನ್ಸಿಲ್ ಹಿಡಿದು ಅಕ್ಕನಿಗೂ ಅವಳ ಮಗನಿಗೂ ತೋರಿಸಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದೊಂದು ಕಡತವಿದ್ದರೆ ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲು ಬೇಕಾದ ಹಾಳೆಗಳನ್ನು ಹೊರಗೆ ತೆಗೆಯಿರಿ

ಮೂರು ವರದಿ ಸಾಕು. ಒಂದು, ಸಿಬಿಸಿ: ಬಿಳಿ ರಕ್ತಕಣಗಳ ಒಟ್ಟು ಎಣಿಕೆಯ ಜೊತೆಗೆ ಅವುಗಳ ಬಗೆಬಗೆಯ ಶೇಕಡಾವಾರು ವಿವರ ಇರುವಂಥದು. ಎರಡು, ಯಕೃತ್ತಿನ ಪರೀಕ್ಷೆ, ಅಂದರೆ ಎಲ್‌ಎಫ್‌ಟಿ. ಅದರಲ್ಲಿ ಅಲ್ಬುಮಿನ್ ಎಂಬ, ಯಕೃತ್ತು ತಯಾರಿಸುವ ರಕ್ತದ ಪ್ರೋಟೀನ್‌ನ ಅಳತೆ ಇರುತ್ತದೆ. ಮೂರು, ಸಿಆರ್‌ಪಿ, ಅಂದರೆ ದೇಹದಲ್ಲಿ ಉರಿಯೂತವಿದ್ದರೆ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಈ ಮೂರನೆಯದನ್ನು ಎಲ್ಲರಿಗೂ ಬರೆಯುವುದಿಲ್ಲ. ಇಲ್ಲದಿದ್ದರೆ ಶಸ್ತ್ರಚಿಕಿತ್ಸಕರನ್ನು ಕೇಳಬಹುದು. ಸಿಇಎ, ಸಿಎ 19-9 ಎಂಬ ಗಡ್ಡೆಯ ಗುರುತುಗಳ ವರದಿ ಇದ್ದರೆ ಬೇರೆಯಾಗಿ ಇಡಿ, ಅದಕ್ಕೆ ಕೊನೆಗೆ ಬರೋಣ. ನಾನು ಹೇಳುವ ಲೆಕ್ಕಗಳೆಲ್ಲ ಈ ಮಾಮೂಲು ಪರೀಕ್ಷೆಗಳಿಂದಲೇ ಸಿಗುತ್ತವೆ. ಇದಕ್ಕೆಂದು ಬೇರೆ ಪ್ಯಾಕೇಜ್ ಮಾಡಿಸಿ ದುಡ್ಡು ಸುರಿಯಬೇಡಿ.

ಪ್ರತಿ ಹಾಳೆಯ ಮೇಲೆ ರಕ್ತ ತೆಗೆದ ದಿನಾಂಕಕ್ಕೆ ಗುರುತು ಹಾಕಿ. ವರದಿ ಮುದ್ರಿಸಿದ ದಿನಾಂಕ ಬೇರೆ, ರಕ್ತ ತೆಗೆದದ್ದು ಬೇರೆ. ಆಪರೇಷನ್‌ಗೆ ಮುಂಚೆಯೇ ಕಿಮೋಥೆರಪಿ ಕೊಡುವುದು ಈಗ ಸಾಮಾನ್ಯ. ಫ್ಲಾಟ್ ಎಂದು ಕರೆಯುವ ಔಷಧಕ್ರಮದಲ್ಲಿ ಎರಡು ವಾರಕ್ಕೊಮ್ಮೆಯಂತೆ ಮೊದಲು ನಾಲ್ಕು ಸುತ್ತು, ಆಪರೇಷನ್ ಆದಮೇಲೆ ಮತ್ತೆ ನಾಲ್ಕು ಸುತ್ತು ಕೊಡುತ್ತಾರೆ. ಕಿಮೋ ಶುರುವಾಗುವ ಮುಂಚಿನ ರಕ್ತವೂ ನಂತರದ ರಕ್ತವೂ ಬೇರೆ ಬೇರೆ ಕಥೆ ಹೇಳುತ್ತವೆ. ಬಿಳಿ ಕಣ ಹೆಚ್ಚಿಸುವ ಇಂಜೆಕ್ಷನ್ ಕೊಟ್ಟಿದ್ದರಂತೂ ನ್ಯೂಟ್ರೊಫಿಲ್ ಎಂಬ ಬಗೆಯ ಬಿಳಿ ಕಣ ದಿಢೀರನೆ ಏರಿರುತ್ತದೆ. ಆ ದಿನಗಳ ವರದಿ ಹಿಡಿದು ಭವಿಷ್ಯ ನೋಡುವುದು ವ್ಯರ್ಥ.

ಮಾನಗಳನ್ನು ಒಂದೇ ದಾರಿಗೆ ತನ್ನಿ

ಹೆಚ್ಚು ಜನ ಎಡವುವುದು ಇಲ್ಲೇ. ಒಂದು ಪ್ರಯೋಗಾಲಯ ಪ್ಲೇಟ್‌ಲೆಟ್ 3,84,000 ಎಂದು ಬರೆದರೆ ಇನ್ನೊಂದು 3.84 ಲಕ್ಷ ಎನ್ನುತ್ತದೆ, ಮತ್ತೊಂದು ಬರೀ 384 ಎಂದು ಮುದ್ರಿಸುತ್ತದೆ. ಮೂರೂ ಒಂದೇ. ಅಲ್ಬುಮಿನ್ ಅನ್ನು ಡೆಸಿಲೀಟರಿಗೆ 3.2 ಗ್ರಾಂ ಎಂದರೂ ಲೀಟರಿಗೆ 32 ಗ್ರಾಂ ಎಂದರೂ ಅಳತೆ ಅಷ್ಟೇ. ಸಿಆರ್‌ಪಿ ವಿಷಯದಲ್ಲಿ ಮಾತ್ರ ಬಹಳ ಎಚ್ಚರ ಬೇಕು: ಡೆಸಿಲೀಟರಿಗೆ 1.8 ಮಿಲಿಗ್ರಾಂ ಎಂದರೆ ಲೀಟರಿಗೆ 18 ಮಿಲಿಗ್ರಾಂ. 1.8 ನೋಡಿ ಸಮಾಧಾನಪಟ್ಟುಕೊಂಡ ಮನೆಯವರನ್ನೂ 18 ನೋಡಿ ಬೆಚ್ಚಿಬಿದ್ದವರನ್ನೂ ಒಂದೇ ದಿನ ಕಂಡಿದ್ದೇನೆ. ಇಬ್ಬರ ಕೈಯಲ್ಲಿದ್ದದ್ದೂ ಒಂದೇ ಫಲಿತಾಂಶ.

ಈಗ ಲೆಕ್ಕ

ಭಾವನವರ ಮೊದಲ ವರದಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಒಟ್ಟು ಬಿಳಿ ಕಣ 9,600. ಅದರಲ್ಲಿ ನ್ಯೂಟ್ರೊಫಿಲ್ ಶೇ 74, ಲಿಂಫೋಸೈಟ್ ಶೇ 16. ಪ್ಲೇಟ್‌ಲೆಟ್ 3,84,000. ಅಲ್ಬುಮಿನ್ 3.2. ಸಿಆರ್‌ಪಿ ಲೀಟರಿಗೆ 18 ಮಿಲಿಗ್ರಾಂ.

ನ್ಯೂಟ್ರೊಫಿಲ್ ಅನ್ನು ಲಿಂಫೋಸೈಟ್‌ನಿಂದ ಭಾಗಿಸಿದರೆ ಬರುವುದು ಎನ್‌ಎಲ್‌ಆರ್. 74 ÷ 16 = 4.6. ಅಕ್ಕನ ಮಗ ಮಾಡಿದ್ದ ಭಾಗಾಕಾರ ಇದೇ, ಅದರಲ್ಲಿ ತಪ್ಪಿರಲಿಲ್ಲ. ಎರಡೂ ಶೇಕಡಾವಾರು ಆಗಿರುವುದರಿಂದ ನೇರವಾಗಿ ಭಾಗಿಸಬಹುದು.

ಉಳಿದ ಲೆಕ್ಕಗಳಿಗೆ ಲಿಂಫೋಸೈಟ್‌ಗಳ ನಿಜವಾದ ಎಣಿಕೆ ಬೇಕು. 9,600ರಲ್ಲಿ ಶೇ 16 ಎಂದರೆ 1,536. ಪ್ಲೇಟ್‌ಲೆಟ್ ಅನ್ನು ಇದರಿಂದ ಭಾಗಿಸಿದರೆ ಪಿಎಲ್‌ಆರ್, ಇಲ್ಲಿ 250. ನನ್ನ ಮಟ್ಟಿಗೆ ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ, ಏಕೆಂದರೆ ಜಠರದ ಗಡ್ಡೆಯಿಂದ ರಕ್ತ ಒಸರುತ್ತಿದ್ದು ಕಬ್ಬಿಣಾಂಶ ಕಡಿಮೆಯಾದರೆ ಅದೊಂದರಿಂದಲೇ ಪ್ಲೇಟ್‌ಲೆಟ್ ಏರುತ್ತದೆ.

ಹೆಚ್ಚು ಕೆಲಸಕ್ಕೆ ಬರುವುದು ಪಿಎನ್‌ಐ ಎಂಬ ಪೋಷಣೆಯ ಸೂಚ್ಯಂಕ. ಅಲ್ಬುಮಿನ್ ಅನ್ನು 10ರಿಂದ ಗುಣಿಸಿ, ಲಿಂಫೋಸೈಟ್ ಎಣಿಕೆಯನ್ನು 0.005ರಿಂದ ಗುಣಿಸಿ, ಎರಡನ್ನೂ ಕೂಡಿ. 32 + 7.68, ಅಂದರೆ ಸುಮಾರು 39.7. ಈ ಸೂತ್ರವನ್ನು 1984ರಲ್ಲಿ ಪ್ರಕಟಿಸಿದವರು ಜಪಾನಿನ ಒನೊಡೆರಾ ಮತ್ತು ಸಂಗಡಿಗರು. ಅವರ ಪ್ರಶ್ನೆ 'ರೋಗಿ ಎಷ್ಟು ವರ್ಷ ಬದುಕುತ್ತಾನೆ' ಎಂಬುದಾಗಿರಲಿಲ್ಲ. ಸೊರಗಿದ ಕ್ಯಾನ್ಸರ್ ರೋಗಿಯ ಕರುಳನ್ನು ಕತ್ತರಿಸಿ ಹೊಲಿದರೆ ಆ ಹೊಲಿಗೆ ಈಗ ನಿಲ್ಲುತ್ತದೆಯೇ ಎಂಬುದು ಅವರ ಚಿಂತೆ. 45ಕ್ಕಿಂತ ಮೇಲಿದ್ದರೆ ಸುರಕ್ಷಿತ, 40ರಿಂದ 45ರ ನಡುವೆ ಅಪಾಯ, 40ಕ್ಕಿಂತ ಕೆಳಗಿದ್ದರೆ ಬೇಡ ಎಂದು ಅವರು ಗೆರೆ ಎಳೆದರು. ಬಹುಕಾಲದ ಬದುಕುಳಿಯುವಿಕೆಗೆ ಅದನ್ನು ಜೋಡಿಸಿ ನೋಡುವ ಅಧ್ಯಯನಗಳು ಬಂದದ್ದು ಆಮೇಲೆ. ಇಂದು ಈ ಒಂದು ಸಂಖ್ಯೆ ನೋಡಿ ಯಾರೂ ಆಪರೇಷನ್ ನಿಲ್ಲಿಸುವುದಿಲ್ಲ. ಆದರೂ ಆ ಮೂಲ ಪ್ರಶ್ನೆಯೇ ಮನೆಯವರಿಗೆ ಉಪಯುಕ್ತ ಎಂದು ನನಗೆ ಅನಿಸುತ್ತದೆ: ದೇಹ ಈಗ ಸಿದ್ಧವಿದೆಯೇ?

ಕೊನೆಯದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದ ಅಂಕ. ಅದರ ಪರಿಷ್ಕೃತ ರೂಪ ಹೀಗಿದೆ: ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ಅಥವಾ ಕಡಿಮೆ ಇದ್ದರೆ 0. ಅದಕ್ಕಿಂತ ಹೆಚ್ಚಿದ್ದು ಅಲ್ಬುಮಿನ್ 3.5 ಅಥವಾ ಮೇಲಿದ್ದರೆ 1. ಸಿಆರ್‌ಪಿ ಹೆಚ್ಚಿ, ಅಲ್ಬುಮಿನ್ 3.5ಕ್ಕಿಂತ ಕಡಿಮೆಯಾದರೆ 2. ಭಾವನವರಿಗೆ ಬಂದದ್ದು 2. ವರದಿಯಲ್ಲಿ ಸಿಆರ್‌ಪಿಯ ಸಹಜ ಮಿತಿ 5 ಅಥವಾ 6 ಎಂದು ಮುದ್ರಿಸಿರಬಹುದು. ಈ ಅಂಕದ ಗೆರೆ 10 ಎಂಬುದನ್ನು ಮರೆಯಬೇಡಿ.

ರಕ್ತದಲ್ಲಿ ಇದೆಲ್ಲ ಏಕೆ ಕಾಣಿಸುತ್ತದೆ?

ಗಡ್ಡೆ ಇರುವ ಕಡೆ ಉರಿಯೂತ ಇರುತ್ತದೆ. ಗಡ್ಡೆಯೊಳಗೆ ಬಿಳಿ ಕಣಗಳು ಕಿಕ್ಕಿರಿದಿರುವುದನ್ನು ಜರ್ಮನಿಯ ವೈದ್ಯ ವಿರ್ಕೋ ಹತ್ತೊಂಬತ್ತನೆಯ ಶತಮಾನದಲ್ಲೇ ಗಮನಿಸಿದ್ದರು. ಉರಿಯೂತದ ಸಂಕೇತ ಯಕೃತ್ತನ್ನು ಮುಟ್ಟಿದಾಗ ಅದು ಸಿಆರ್‌ಪಿ ತಯಾರಿಕೆ ಹೆಚ್ಚಿಸಿ ಅಲ್ಬುಮಿನ್ ತಯಾರಿಕೆ ತಗ್ಗಿಸುತ್ತದೆ. ನ್ಯೂಟ್ರೊಫಿಲ್‌ಗಳು ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ಅನುಕೂಲವಾಗುವ ವಸ್ತುಗಳನ್ನು ಬಿಡುಗಡೆ ಮಾಡುತ್ತವೆ. ಕ್ಯಾನ್ಸರ್ ಕೋಶಗಳನ್ನು ಹುಡುಕಿ ಕೊಲ್ಲುವ ಕೆಲಸ ಮುಖ್ಯವಾಗಿ ಲಿಂಫೋಸೈಟ್‌ಗಳದು. ಹೀಗಾಗಿ ಒಂದು ಏರಿ ಇನ್ನೊಂದು ಇಳಿದರೆ ತಕ್ಕಡಿ ರೋಗದ ಕಡೆ ವಾಲಿದೆಯೇನೋ ಎಂಬ ಅನುಮಾನ ಬರುತ್ತದೆ.

ಅನುಮಾನ ಎಂದೆ, ತೀರ್ಪು ಎನ್ನಲಿಲ್ಲ. ಏಕೆಂದರೆ ಉರಿಯೂತಕ್ಕೆ ಕ್ಯಾನ್ಸರ್ ಒಂದೇ ಕಾರಣವಲ್ಲ.

ಸಂಖ್ಯೆಯನ್ನು ನಂಬುವ ಮುಂಚೆ ಕೇಳಬೇಕಾದದ್ದು

ಭಾವನವರನ್ನು ನಾನು ಕೇಳಿದ ಮೊದಲ ಪ್ರಶ್ನೆ: "ರಕ್ತ ಕೊಟ್ಟ ವಾರ ಮೈ ಹೇಗಿತ್ತು, ಭಾವ?" ಅವರು ಎಡಗೆನ್ನೆಯ ಮೇಲೆ ಕೈಯಿಟ್ಟರು. ದವಡೆ ಹಲ್ಲು ಕೀವುಗಟ್ಟಿ ಎರಡು ದಿನ ಜ್ವರ ಬಂದಿತ್ತು. ಅದರ ನಡುವೆಯೇ ರಕ್ತ ಕೊಟ್ಟು ಬಂದಿದ್ದರು. ಕ್ಯಾನ್ಸರ್ ಎಂಬ ಮಾತಿನ ಮುಂದೆ ಹಲ್ಲುನೋವನ್ನು ಯಾರಿಗೆ ಹೇಳುವುದು ಎಂದು ಸುಮ್ಮನಿದ್ದರಂತೆ.

ಕೀವು, ಮೂತ್ರದ ಸೋಂಕು, ನ್ಯುಮೋನಿಯಾ ಇವೆಲ್ಲ ನ್ಯೂಟ್ರೊಫಿಲ್ ಮತ್ತು ಸಿಆರ್‌ಪಿ ಎರಡನ್ನೂ ಮೇಲಕ್ಕೆ ಎತ್ತುತ್ತವೆ. ಉಬ್ಬಸಕ್ಕೆ, ಕೀಲುನೋವಿಗೆ, ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್ ನ್ಯೂಟ್ರೊಫಿಲ್ ಏರಿಸಿ ಲಿಂಫೋಸೈಟ್ ಇಳಿಸುತ್ತದೆ. ಒಂದೇ ಡೋಸ್‌ನಿಂದ ಎನ್‌ಎಲ್‌ಆರ್ ಎಲ್ಲಿಂದೆಲ್ಲಿಗೋ ಹೋಗಬಹುದು. ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ಡೆಂಗಿ ಇದ್ದೇ ಇರುತ್ತದೆ, ಅದು ಬಿಳಿ ಕಣಗಳನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆಳಗಿಳಿಸುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಬಿಳಿ ಕಣ ಸಾಮಾನ್ಯವಾಗಿಯೇ ಹೆಚ್ಚು.

ಅಲ್ಬುಮಿನ್ ಕೂಡ ಮೋಸ ಮಾಡುತ್ತದೆ. ಗಡ್ಡೆ ಜಠರದ ಕೆಳಬಾಯಿಯನ್ನು ಮುಚ್ಚಿ ರೋಗಿ ವಾಂತಿ ಮಾಡುತ್ತಿದ್ದರೆ ಮೈಯಲ್ಲಿ ನೀರು ಆರಿ, ಅಲ್ಬುಮಿನ್ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಡ್ರಿಪ್ ಹಾಕಿದ ಮೇಲೆ ತೆಳುವಾಗಿ ಇಳಿಯುತ್ತದೆ. ಯಕೃತ್ತಿನ ಕಾಯಿಲೆ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಮೂತ್ರಪಿಂಡದ ಕಾಯಿಲೆ ಇದ್ದವರಲ್ಲಿ ಮೊದಲಿನಿಂದಲೇ ಕಡಿಮೆ ಇರುತ್ತದೆ.

ಇನ್ನು ನಮ್ಮ ಕೈಯಲ್ಲೇ ಆಗುವ ತಪ್ಪುಗಳು. ನೇರಳೆ ಮುಚ್ಚಳದ ಕೊಳವೆಗೆ ರಕ್ತ ತುಂಬಿದ ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು. ಮಾಡದಿದ್ದರೆ ಸಣ್ಣ ಹೆಪ್ಪುಗಟ್ಟಿ ಎಣಿಕೆ ಕೆಡುತ್ತದೆ. ಕೆಲವರ ರಕ್ತದಲ್ಲಿ ಆ ಕೊಳವೆಯ ರಾಸಾಯನಿಕಕ್ಕೇ ಪ್ಲೇಟ್‌ಲೆಟ್‌ಗಳು ಗುಂಪುಗೂಡಿ, ಯಂತ್ರ ಅವನ್ನು ಕಡಿಮೆಯಾಗಿ ಎಣಿಸುತ್ತದೆ. ತೋಳಿಗೆ ಪಟ್ಟಿ ಕಟ್ಟಿ ಬಹಳ ಹೊತ್ತು ನರ ಹುಡುಕಿದರೆ ಅಲ್ಬುಮಿನ್ ತುಸು ಏರುತ್ತದೆ. ಆದ್ದರಿಂದ ಅನುಮಾನವಿದ್ದರೆ ಅದೇ ಪ್ರಯೋಗಾಲಯದಲ್ಲಿ, ಸೋಂಕು ಇಳಿದ ಮೇಲೆ, ಇನ್ನೊಮ್ಮೆ ರಕ್ತ ಕೊಡಿ. ಸಿಆರ್‌ಪಿಯ ಅರ್ಧಾಯುಷ್ಯ ಸುಮಾರು 19 ಗಂಟೆ, ಅಂದರೆ ಕಾರಣ ಹೋದರೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಅಲ್ಬುಮಿನ್‌ನ ಅರ್ಧಾಯುಷ್ಯ ಸುಮಾರು 20 ದಿನ, ಅದು ಆಮೆಯ ಹೆಜ್ಜೆ.

ಭಾವನವರ ಹಲ್ಲು ಕಿತ್ತು, ಔಷಧಿ ಮುಗಿದು, ಹನ್ನೆರಡನೆಯ ದಿನ ಮತ್ತೆ ರಕ್ತ ತೆಗೆದಾಗ ಬಿಳಿ ಕಣ 7,800, ನ್ಯೂಟ್ರೊಫಿಲ್ ಶೇ 65, ಲಿಂಫೋಸೈಟ್ ಶೇ 25. ಎನ್‌ಎಲ್‌ಆರ್ 2.6. ಸಿಆರ್‌ಪಿ 7ಕ್ಕೆ ಇಳಿದು ಗ್ಲಾಸ್ಗೋ ಅಂಕ ಸೊನ್ನೆಯಾಯಿತು. ಅಲ್ಬುಮಿನ್ ಮಾತ್ರ 3.3ರಲ್ಲೇ ನಿಂತಿತ್ತು, ಪಿಎನ್‌ಐ 42.75. ಈ ಹನ್ನೆರಡು ದಿನಗಳಲ್ಲಿ ಕ್ಯಾನ್ಸರ್ ಏನೂ ಕರಗಿರಲಿಲ್ಲ. ಬದಲಾದದ್ದು ಹಲ್ಲು. ಅಕ್ಕನನ್ನು ನಿದ್ದೆಗೆಡಿಸಿದ 4.6 ಎಷ್ಟರಮಟ್ಟಿಗೆ ಗಡ್ಡೆಯದು, ಎಷ್ಟರಮಟ್ಟಿಗೆ ಕೀವಿನದು ಎಂದು ಬೇರ್ಪಡಿಸದೆಯೇ ಆ ಹುಡುಗ ಅಪ್ಪನ ಆಯುಷ್ಯವನ್ನು ಅಳೆದುಬಿಟ್ಟಿದ್ದ.

'ಬದುಕುಳಿಯುವಿಕೆ'ಯ ಅಂಕಿಗಳನ್ನು ಓದುವಾಗ

ಈ ಭಾಗವನ್ನು ನಿಧಾನವಾಗಿ ಓದಿ. ಆಪರೇಷನ್‌ಗೆ ಮುಂಚೆ ಎನ್‌ಎಲ್‌ಆರ್ ಹೆಚ್ಚಿದ್ದವರ ಗುಂಪು, ಪಿಎನ್‌ಐ ಕಡಿಮೆ ಇದ್ದವರ ಗುಂಪು ಸರಾಸರಿಯಲ್ಲಿ ಹಿಂದೆ ಬೀಳುತ್ತದೆ ಎಂಬುದನ್ನು ಬಹಳಷ್ಟು ಅಧ್ಯಯನಗಳು ತೋರಿಸಿವೆ. ಅದು ಸುಳ್ಳಲ್ಲ. ಆದರೆ ಗುಂಪಿನ ಮಾತು ಬೇರೆ, ನಿಮ್ಮ ಮನೆಯ ಒಬ್ಬರ ಮಾತು ಬೇರೆ.

ಒಂದು ಊಹೆಯ ಲೆಕ್ಕ ಹಾಕೋಣ. ಇದು ಯಾವ ಅಧ್ಯಯನದ್ದೂ ಅಲ್ಲ. ಎನ್‌ಎಲ್‌ಆರ್ ಕಡಿಮೆ ಇದ್ದ ನೂರು ಜನರಲ್ಲಿ ಐದು ವರ್ಷದ ನಂತರ 60 ಜನ ಇದ್ದಾರೆ, ಹೆಚ್ಚಿದ್ದ ನೂರರಲ್ಲಿ 48 ಜನ ಇದ್ದಾರೆ ಎನ್ನಿ. ವ್ಯತ್ಯಾಸ ದೊಡ್ಡದೇ. ಆದರೂ 'ಕೆಟ್ಟ' ಸಂಖ್ಯೆಯ 48 ಜನ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ, 'ಒಳ್ಳೆಯ' ಸಂಖ್ಯೆಯ 40 ಜನ ಇಲ್ಲ. ರೋಗಿ ಯಾವ ಸಾಲಿನಲ್ಲಿ ನಿಲ್ಲುತ್ತಾರೆಂದು ಎನ್‌ಎಲ್‌ಆರ್ ಹೇಳಲಾರದು.

ಗೆರೆ ಎಲ್ಲಿ ಎಂಬುದರಲ್ಲೂ ಒಮ್ಮತವಿಲ್ಲ. ಒಂದು ಅಧ್ಯಯನ ಎನ್‌ಎಲ್‌ಆರ್ 2ರ ಆಸುಪಾಸಿನಲ್ಲಿ ಗೆರೆ ಎಳೆದರೆ ಇನ್ನೊಂದು 3ಕ್ಕೆ, ಮತ್ತೊಂದು 5ಕ್ಕೆ ಎಳೆಯುತ್ತದೆ. ಎಷ್ಟೋ ಕಡೆ ಫಲಿತಾಂಶ ಗೊತ್ತಾದ ಮೇಲೆ, ವ್ಯತ್ಯಾಸ ಚೆನ್ನಾಗಿ ಕಾಣುವ ಜಾಗ ಹುಡುಕಿ ಗೆರೆ ಹಾಕಿರುತ್ತಾರೆ. ಬಾಣ ನೆಟ್ಟ ಜಾಗದ ಸುತ್ತ ವೃತ್ತ ಬರೆದಂತೆ ಅದು. ಜೊತೆಗೆ ಹೆಚ್ಚಿನ ಅಧ್ಯಯನಗಳು ಜಪಾನ್, ಕೊರಿಯಾ, ಚೀನಾದವು, ಹಳೆಯ ಕಡತಗಳನ್ನು ತಿರುವಿ ಮಾಡಿದಂಥವು. ಜಪಾನ್ ಮತ್ತು ಕೊರಿಯಾದಲ್ಲಿ ಜಠರದ ಕ್ಯಾನ್ಸರ್‌ಗೆ ರಾಷ್ಟ್ರೀಯ ತಪಾಸಣೆ ಇದೆ, ರೋಗ ಎಳೆಯದಾಗಿರುವಾಗಲೇ ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಗ್ಯಾಸ್ಟ್ರಿಕ್ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿ, ತೂಕ ಇಳಿದ ಮೇಲೆ ಎಂಡೋಸ್ಕೋಪಿಗೆ ಬರುವವರೇ ಹೆಚ್ಚು. ಅಲ್ಲಿನ ಗೆರೆಯನ್ನು ಇಲ್ಲಿನ ರೋಗಿಯ ಮೇಲೆ ಹಾಗೆಯೇ ಎಳೆಯಲಾಗದು. ನಮ್ಮ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ಅಂಥ ಸ್ಥಳೀಯ ದಾಖಲೆಗಳ ಜೊತೆ ಈ ಮಾಮೂಲು ರಕ್ತ ಪರೀಕ್ಷೆಗಳನ್ನೂ ಜೋಡಿಸಿ ನಮ್ಮವರದೇ ಗೆರೆ ಹುಡುಕಬೇಕು ಎಂಬುದು ನನ್ನ ಬಹುದಿನದ ಆಸೆ.

ಇದೆಲ್ಲಕ್ಕಿಂತ ತೂಕವುಳ್ಳದ್ದು ರೋಗದ ಹಂತ. ಗಡ್ಡೆ ಜಠರದ ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ, ಎಷ್ಟು ದುಗ್ಧಗ್ರಂಥಿಗಳಿಗೆ ಹರಡಿದೆ, ದೂರ ಹೋಗಿದೆಯೇ, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ. ರಕ್ತದ ಸಂಖ್ಯೆಗಳು ಈ ಉತ್ತರಗಳ ಪಕ್ಕದಲ್ಲಿ ಕೂರಬಹುದು, ಅವುಗಳ ಜಾಗದಲ್ಲಿ ಅಲ್ಲ.

ಗಡ್ಡೆಯ ಗುರುತುಗಳು

ಸಿಇಎಗೆ ಸಾಮಾನ್ಯವಾಗಿ 5, ಸಿಎ 19-9ಕ್ಕೆ 37 ಮಿತಿ. ಆರಂಭದ ಹಂತದಲ್ಲಿ ಎರಡೂ ಸಹಜವಾಗಿರಬಹುದು. ಧೂಮಪಾನಿಗಳಲ್ಲಿ ಸಿಇಎ ತುಸು ಹೆಚ್ಚು. ಕಾಮಾಲೆ ಇದ್ದರೆ ಸಿಎ 19-9 ಏರುತ್ತದೆ. ರಕ್ತದ ಒಂದು ವಂಶವಾಹಿ ಗುಣದಿಂದಾಗಿ ಕೆಲವರ ದೇಹ ಸಿಎ 19-9 ಅನ್ನು ತಯಾರಿಸುವುದೇ ಇಲ್ಲ, ಅವರಲ್ಲಿ ಸೊನ್ನೆಯ ಹತ್ತಿರದ ಸಂಖ್ಯೆಗೆ ಅರ್ಥವಿಲ್ಲ. ಬಹಳ ಹೆಚ್ಚಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: "ಸ್ಕ್ಯಾನ್‌ನಲ್ಲಿ ಕಾಣದಂತೆ ಹೊಟ್ಟೆಯ ಒಳಪೊರೆಗೆ ಹರಡಿದೆಯೇ ಎಂದು ಲ್ಯಾಪರೋಸ್ಕೋಪಿಯಲ್ಲಿ ಮೊದಲು ನೋಡುತ್ತೀರಾ, ಡಾಕ್ಟರೇ?"

ವೈದ್ಯರ ಮುಂದೆ ಕೂತಾಗ

'ಎಷ್ಟು ದಿನ' ಎಂದು ಕೇಳುವ ಬದಲು 'ಆಪರೇಷನ್‌ಗೆ ಮುಂಚೆ ಯಾವುದನ್ನು ಸರಿಪಡಿಸಬಹುದು' ಎಂದು ಕೇಳಿ. ನಾವು ಹಾಗೆಯೇ ಕೇಳಿದೆವು. ವೈದ್ಯರು ಕುರ್ಚಿ ಮುಂದಕ್ಕೆ ಎಳೆದುಕೊಂಡು ಎರಡೂ ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

ಆರು ತಿಂಗಳಲ್ಲಿ ತೂಕ ಶೇ 10ಕ್ಕಿಂತ ಹೆಚ್ಚು ಇಳಿದಿದ್ದರೆ ತಪ್ಪದೆ ಹೇಳಿ. ಅಂಥ ರೋಗಿಗಳಿಗೆ ಆಪರೇಷನ್ ಸ್ವಲ್ಪ ಮುಂದೆ ಹೋದರೂ ಸರಿ, 7ರಿಂದ 14 ದಿನ ಪೋಷಣೆ ಕೊಡಬೇಕೆಂದು ಯುರೋಪಿನ ಪೋಷಣಾ ಮಾರ್ಗಸೂಚಿಗಳು ಹೇಳುತ್ತವೆ. ದಿನಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಗುರಿ. ಭಾವ 55 ಕಿಲೋ. ಅವರಿಗೆ 66ರಿಂದ 82 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ರಾಗಿ ಗಂಜಿ, ಅನ್ನ ತಿಳಿಸಾರಿನಿಂದ ಆ ಗುರಿ ಮುಟ್ಟುವುದಿಲ್ಲ ಎಂದು ಆಹಾರ ತಜ್ಞೆ ಬಿಡಿಸಿ ಹೇಳಿದಾಗ ಅಕ್ಕನಿಗೆ ನಿಜಕ್ಕೂ ಆಘಾತವಾಯಿತು. ಅಷ್ಟು ದಿನ ಅವಳು ಪ್ರೀತಿಯಿಂದ ಕೊಡುತ್ತಿದ್ದದ್ದು ಅವೇ. ಮೊಟ್ಟೆಯ ಬಿಳಿ, ಗಟ್ಟಿ ಮೊಸರು, ಪನೀರ್, ಗಟ್ಟಿ ತೊವ್ವೆ, ಮೇಲೆ ಪ್ರೋಟೀನ್ ಪುಡಿ, ಎಲ್ಲವನ್ನೂ ಎರಡೆರಡು ಗಂಟೆಗೆ ಸ್ವಲ್ಪಸ್ವಲ್ಪ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು. ಸೋಂಕು ಇರುವವರೆಗೆ ಎಷ್ಟು ತಿನ್ನಿಸಿದರೂ ಅಲ್ಬುಮಿನ್ ಏರದು ಎಂಬುದೂ ನೆನಪಿರಲಿ.

ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಕಬ್ಬಿಣಾಂಶದ ಪರೀಕ್ಷೆ ಕೇಳಿ. ದೇಹ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಉರಿಯೂತದಲ್ಲಿ ತಾನಾಗಿಯೇ ಏರುವುದರಿಂದ ಅದು ಸಹಜವಿದ್ದರೂ ಕೊರತೆ ಇರಬಹುದು. ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಕೂಡ ನೋಡಬೇಕು. ಸಮಯವಿದ್ದರೆ ನರದ ಮೂಲಕ ಕಬ್ಬಿಣ ಕೊಟ್ಟು ರಕ್ತ ಏರಿಸುವ ಅವಕಾಶವನ್ನು ಶಸ್ತ್ರಚಿಕಿತ್ಸಕರ ಜೊತೆ, ಅರಿವಳಿಕೆ ತಜ್ಞರ ಜೊತೆ ಮಾತಾಡಿ. ಬಿಪಿಎಲ್ ಕಾರ್ಡ್, ಆಧಾರ್ ಕಡತದಲ್ಲೇ ಇರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ಮೊದಲು ಕೇಳುವುದೇ ಅವನ್ನು.

ಆಪರೇಷನ್ ಆದ ಮೇಲೆ ಕೆಲವು ವಾರ ಈ ಲೆಕ್ಕಗಳನ್ನು ಮುಟ್ಟಬೇಡಿ. ಕತ್ತರಿ ಹಾಕಿದ್ದಕ್ಕೇ ಸಿಆರ್‌ಪಿ ಎರಡು ಮೂರನೆಯ ದಿನ ತುತ್ತತುದಿಗೆ ಹೋಗುತ್ತದೆ, ಎನ್‌ಎಲ್‌ಆರ್ ಏರುತ್ತದೆ, ಅಲ್ಬುಮಿನ್ ಕುಸಿಯುತ್ತದೆ. ವೈದ್ಯರು ಅವನ್ನು ಹೊಲಿಗೆ ಸೋರುತ್ತಿದೆಯೇ ಎಂದು ತಿಳಿಯಲು ನೋಡುತ್ತಾರೆ, ಆಯುಷ್ಯ ಅಳೆಯಲು ಅಲ್ಲ. ಆಗ ಕಾಯಬೇಕಾದದ್ದು ರೋಗಶಾಸ್ತ್ರ ವಿಭಾಗದ ವರದಿಗೆ. ಅದು ಬಂದಾಗ ಎಷ್ಟು ದುಗ್ಧಗ್ರಂಥಿಗಳನ್ನು ಪರೀಕ್ಷಿಸಿದ್ದಾರೆ ಎಂದು ನೋಡಿ. ಹಂತವನ್ನು ಸರಿಯಾಗಿ ಹೇಳಲು ಕನಿಷ್ಠ 16 ಇರಬೇಕು ಎನ್ನುತ್ತಾರೆ. ಕಡಿಮೆ ಇದ್ದರೆ ಏಕೆ ಎಂದು ವಿಚಾರಿಸಿ.

ಭಾವನವರ ಕಡತದಲ್ಲಿ ಈಗ ಎಲ್ಲಕ್ಕಿಂತ ಮೇಲಿರುವುದು ಆ ವರದಿ. 4.6ರ ಹಾಳೆ ತಳದಲ್ಲಿದೆ. ಅದರ ಅಂಚಿನಲ್ಲಿ ಅಕ್ಕನ ಮಗ ಪೆನ್ಸಿಲಿನಲ್ಲಿ ಬರೆದಿದ್ದಾನೆ: 'ಹಲ್ಲುನೋವು, ಎರಡು ದಿನ ಜ್ವರ.'